ಅಮೆರಿಕದ ಅಳಿಯ, ಡಾಕ್ಟರ್ ಸೊಸೆ: ಹೇಳಿಕೊಳ್ಳೋಕೆ ಚೆಂದ, ಒಪ್ಪೋ ಮುಂಚೆ ಏನೇನು ನೋಡಬೇಕು?

ಕಾವೇರಿತೀರ

ಸಂಬಂಧ ಕುದುರಿತು ಅಂದ ತಕ್ಷಣ ನೆಂಟರು ಕೇಳೋದು ಎರಡೇ ಮಾತು. ಹುಡುಗ ಆದರೆ ‘ಎಲ್ಲಿದಾನೆ, ಪ್ಯಾಕೇಜ್ ಎಷ್ಟು?’ ಹುಡುಗಿ ಆದರೆ ‘ಬಣ್ಣ ಹೇಗಿದೆ, ಏನು ಓದಿದಾಳೆ?’ ಇವಕ್ಕೆ ಒಳ್ಳೆ ಉತ್ತರ ಸಿಕ್ಕಿಬಿಟ್ಟರೆ ಮಿಕ್ಕಿದ್ದನ್ನು ಕೇಳೋರೇ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಯಾವುದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬೇಕು ಅಂತ ಸಂಬಂಧ ಮಾಡ್ತಾರೋ ಅದನ್ನೇ ಯಾರೂ ಸರಿಯಾಗಿ ವಿಚಾರಿಸಿರೋದಿಲ್ಲ. 24 ಲಕ್ಷ ಅಂದರೆ ಕೈಗೆ ಎಷ್ಟು ಬರುತ್ತೆ, ಅಮೆರಿಕ ಅಂದರೆ ಯಾವ ವೀಸಾ, ಹತ್ತು ಎಕರೆ ಅಂದರೆ ಯಾರ ಹೆಸರಲ್ಲಿ. ಕೇಳಿದರೆ ಬೀಗರು ಬೇಜಾರು ಮಾಡ್ಕೋತಾರೆ ಅಂತ ಸುಮ್ಮನಾಗಿಬಿಡ್ತಾರೆ.

ಸಂಬಳದ ಲೆಕ್ಕ, ವೀಸಾ, ಪಹಣಿ, ಕಾನೂನು ಗೊತ್ತಿರೋರು ಇಲ್ಲಿ ಬಹಳ ಜನ ಇದ್ದೀರಿ. ಮನೆ ಕಥೆಗಳು ಬೇಡ. ಯಾವ ಕಾಗದ, ಅದರಲ್ಲಿ ಯಾವ ಸಾಲು, ಯಾವ ಪ್ರಶ್ನೆ ಅನ್ನೋದನ್ನು ಬಿಡಿಸಿ ಬರೆಯಿರಿ.

ಲೆಕ್ಕಪತ್ರ

ಪ್ಯಾಕೇಜಿನಿಂದಲೇ ಶುರು ಮಾಡ್ತೀನಿ. ಬಯೋಡೇಟಾದಲ್ಲಿ ಬರೆಯೋದು ಸಿಟಿಸಿ, ಅಂದರೆ ಕಂಪನಿಗೆ ಆಗೋ ಒಟ್ಟು ಖರ್ಚು. ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಸಂಬಳ ಅಂದುಕೊಳ್ಳೋದೇ ಮೊದಲ ಎಡವಟ್ಟು.

24 ಲಕ್ಷದ ಸಿಟಿಸಿ ತೆಗೆದುಕೊಳ್ಳಿ. ಮೂಲ ವೇತನ ಅದರಲ್ಲಿ ಅರ್ಧ, 12 ಲಕ್ಷ ಅಂತಿಟ್ಟುಕೊಳ್ಳೋಣ. ಕಂಪನಿ ಕಟ್ಟೋ ಪಿಎಫ್ 12%, ಅಂದರೆ 1,44,000. ಗ್ರ್ಯಾಚುಟಿ 4.81%, ಸುಮಾರು 57,700; ಇದು ಕೆಲಸ ಬಿಡೋವಾಗ ಸಿಗೋ ದುಡ್ಡು, ಅದೂ ಕಾಯಂ ನೌಕರರಿಗೆ ಸಾಮಾನ್ಯವಾಗಿ 5 ವರ್ಷ ತುಂಬಿದ್ದರೆ. ವೇರಿಯಬಲ್, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡೋ ಪಾಲು, 10% ಇದ್ದರೆ 2,40,000. ಇದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಷ್ಟು ಕಳೆದರೆ ವರ್ಷಕ್ಕೆ 19.58 ಲಕ್ಷ, ತಿಂಗಳಿಗೆ 1.63 ಲಕ್ಷ. ಅದರಲ್ಲಿ ನೌಕರನ ಪಾಲಿನ ಪಿಎಫ್ 12,000, ವೃತ್ತಿ ತೆರಿಗೆ 200, ಹೊಸ ಪದ್ಧತಿಯ 2025-26ರ ದರದಲ್ಲಿ ಆದಾಯ ತೆರಿಗೆ ಸುಮಾರು 15,300 ಹೋಗಿ ಬ್ಯಾಂಕಿಗೆ ಬೀಳೋದು ಹತ್ತಿರ ಹತ್ತಿರ 1,35,000. ಎರಡು ಲಕ್ಷ ಅಲ್ಲ.

ಇನ್ನು ಸಾಲ. 80 ಲಕ್ಷದ ಗೃಹಸಾಲ, 8.5% ಬಡ್ಡಿ, 20 ವರ್ಷ: ಇಎಂಐ 69,400. 15 ಲಕ್ಷದ ಕಾರು ಸಾಲ, 9%, 5 ವರ್ಷ: 31,100. ಎರಡೂ ಸೇರಿ ಲಕ್ಷ ದಾಟಿತು. ‘ಸ್ವಂತ ಫ್ಲ್ಯಾಟ್, ದೊಡ್ಡ ಕಾರು, 24 ಲಕ್ಷದ ಪ್ಯಾಕೇಜ್’ ಅನ್ನೋ ಹುಡುಗನ ಕೈಯಲ್ಲಿ ದಿನಸಿ, ಪೆಟ್ರೋಲು, ಅಪ್ಪ ಅಮ್ಮನ ಔಷಧಿಗೆ ಉಳಿಯೋದು 35,000 ರೂಪಾಯಿ. ಅವನು ಸುಳ್ಳು ಹೇಳಿಲ್ಲ. ಕೇಳೋರು ಕೂಡಿಸಿದರು, ಕಳೆಯಲಿಲ್ಲ.

45, 50 ಲಕ್ಷ ಅಂತ ಹೇಳಿದಾಗ ಅದರಲ್ಲಿ ಷೇರು ಎಷ್ಟು ಅಂತ ಕೇಳಿ. ಕಂಪನಿ ಷೇರು ಸಾಮಾನ್ಯವಾಗಿ 4 ವರ್ಷದಲ್ಲಿ ಕಂತಾಗಿ ಕೈಸೇರುತ್ತೆ. ನಾಲ್ಕೂ ವರ್ಷದ ಮೊತ್ತವನ್ನು ಒಂದೇ ವರ್ಷಕ್ಕೆ ಸೇರಿಸಿ ಹೇಳೋ ರೂಢಿ ಇದೆ. ಜಾಯ್ನಿಂಗ್ ಬೋನಸ್ ಒಂದೇ ಸಲದ್ದು, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕಾಗಬಹುದು.

ನೋಡಬೇಕಾದ ಕಾಗದ ಎರಡು ಸಾಕು. ಫಾರ್ಮ್ 16ರ ಬಿ ಭಾಗದಲ್ಲಿ ಹೋದ ವರ್ಷ ನಿಜವಾಗಿ ಬಂದ ಸಂಬಳ ಇರುತ್ತೆ. ಸಾಲದ ವರದಿಯಲ್ಲಿ, ಅಂದರೆ ಸಿಬಿಲ್ ವರದಿಯಲ್ಲಿ, ಇರೋ ಸಾಲ, ತಪ್ಪಿದ ಕಂತು, ಬೇರೆಯವರಿಗೆ ಹಾಕಿದ ಜಾಮೀನು ಎಲ್ಲ ಕಾಣುತ್ತೆ. ವರ್ಷಕ್ಕೊಂದು ಪೂರ್ಣ ವರದಿ ಉಚಿತ.

ಧಾರವಾಡ_ಮಳಿ

ಲೆಕ್ಕಪತ್ರ ಅವರು ಹೇಳಿದ್ದು ಖರೆ ಅದ. ಆದ್ರ ‘ಫಾರ್ಮ್ 16 ತೋರಸ್ರಿ’ ಅಂತ ಹಿರ್‍ಯಾರ ಮುಂದ ಕೇಳಿದ್ರ ಸಂಬಂಧ ಅಲ್ಲೇ ಮುರೀತದ. ಇದಕ್ಕೊಂದು ದಾರಿ ಅದ. ಮೊದಲ ನಾವ ನಮ್ಮದನ್ನ ಮುಂದ ಇಡಬೇಕು. ‘ನಮ್ಮ ಹುಡುಗಿ ಸಂಬಳ ಇಷ್ಟು, ಶಿಕ್ಷಣ ಸಾಲ ಇನ್ನ ಇಷ್ಟು ಬಾಕಿ ಅದ, ಇಬ್ಬರೂ ಒಬ್ಬರಿಗೊಬ್ಬರು ತೋರಿಸ್ಕೊಳ್ಳಲಿ’ ಅಂದ್ರ ಯಾರಿಗೂ ಸಿಟ್ಟು ಬರೂದಿಲ್ಲ. ಹಿರ್‍ಯಾರು ನೋಡೂದ ಬ್ಯಾಡ, ಅವರಿಬ್ಬರ ನಡುವನ ಆಗಲಿ. ಕನ್ಯಾ ನೋಡಾಕ ಬಂದ ದಿವಸ ಅಲ್ಲ, ಎರಡನೇ ಭೆಟ್ಟಿಯೊಳಗ. ನಿಶ್ಚಯ ಆದ ಮ್ಯಾಲೆ ಕೇಳಿದ್ರ ಉಪಯೋಗ ಇಲ್ಲ. ಅಷ್ಟೊತ್ತಿಗೆ ಛತ್ರಕ್ಕ ಅಡ್ವಾನ್ಸ್ ಹೋಗಿರ್ತದ, ಏನ ಗೊತ್ತಾದ್ರೂ ಬಾಯಿ ಮುಚ್ಕೊಂಡ ಇರ್ತಾರ.

ನಮ್ಮ ಕಡೆ ‘ನೌಕರಿ ಹುಡುಗ’ ಅಂದ್ರ ಗೌರ್ಮೆಂಟ್ ನೌಕರಿ. ಅಲ್ಲೂ ಮೂರು ಮಾತು ಕೇಳಬೇಕು. ಒಂದು, ಕಾಯಂ ನೌಕರಿನೋ ಹೊರಗುತ್ತಿಗೆನೋ? ಅದ ಆಫೀಸು, ಅದ ಕುರ್ಚಿ, ಕೊರಳಾಗ ಅಂಥದ್ದ ಐಡಿ ಕಾರ್ಡು ಇರ್ತದ, ನೋಡಿದ್ರ ತಿಳಿಯೂದಿಲ್ಲ. ಕಾಯಂ ರಾಜ್ಯ ನೌಕರರಿಗೆ ಕೆಜಿಐಡಿ ವಿಮಾ ಕಡ್ಡಾಯ. ಪಗಾರ ಚೀಟಿಯೊಳಗ ಆ ಕಡಿತ ಕಾಣ್ತದ. ಎರಡು, ಪ್ರೊಬೇಷನ್ ಮುಗದ ಘೋಷಣಾ ಆದೇಶ ಆಗ್ಯದೇನು? ಕನಿಷ್ಠ ಎರಡು ವರ್ಷ ಹಿಡೀತದ. ಮೂರು, ಪಿಂಚಣಿ. 1-4-2006ರ ನಂತರ ಸೇರಿದವರು ಸಾಮಾನ್ಯವಾಗಿ ಎನ್‌ಪಿಎಸ್ ಒಳಗ ಬರ್ತಾರ, ಅಂದ್ರ ಪಗಾರದಾಗ ಕಡಿತ ಆಗಿ ಕೂಡಿದ ರೊಕ್ಕದ ಮ್ಯಾಲೆ ಪಿಂಚಣಿ; ಹಳೇ ಪಿಂಚಣಿ ಅಲ್ಲ. ‘ಸಾಯೂ ತನಕ ಅರ್ಧ ಪಗಾರ’ ಅಂತ ಅತ್ತಿ ಮಾವ ಹೇಳೂದು ಹಳೇ ಕಾಲದ ಮಾತು. ಏಳನೇ ವೇತನ ಆಯೋಗ ಆಗಸ್ಟ್ 2024ರಿಂದ ಜಾರಿಗೆ ಬಂದ ಮ್ಯಾಲೆ ಕನಿಷ್ಠ ಮೂಲ ವೇತನ 27,000. ಮರ್ಯಾದಿ ಜೀವನ ಆಗ್ತದ, ಆದ್ರ ಅದರ ಮ್ಯಾಲೆ 30 ತೊಲಿ ಬಂಗಾರ ಕೇಳೂದು ಯಾವ ನ್ಯಾಯ?

ಡಾಲಸ್_ಕನ್ನಡತಿ

ಅಮೆರಿಕದ ವಿಷಯ ನಾನು ಬರೆಯುತ್ತೇನೆ. ‘ಅಮೆರಿಕದಲ್ಲಿದ್ದಾನೆ’ ಅನ್ನುವ ಒಂದು ಮಾತಿನ ಹಿಂದೆ ಕಡೇಪಕ್ಷ ನಾಲ್ಕು ಬೇರೆ ಬೇರೆ ಬದುಕುಗಳಿವೆ.

ಓದಲು ಹೋಗಿ ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಇದ್ದರೆ ಡಿಗ್ರಿಯ ನಂತರ ಕೆಲಸ ಮಾಡಲು 12 ತಿಂಗಳು, ವಿಜ್ಞಾನ-ತಂತ್ರಜ್ಞಾನದ ವಿಷಯವಾದರೆ ಇನ್ನೂ 24. ಅಷ್ಟರಲ್ಲಿ ಎಚ್-1ಬಿ, ಅಂದರೆ ಕೆಲಸದ ವೀಸಾದ, ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ ಇರುವುದು 65,000, ಅಲ್ಲಿನ ಮಾಸ್ಟರ್ಸ್ ಮಾಡಿದವರಿಗೆ ಮೇಲೆ 20,000. ಬರದಿದ್ದರೆ ಗಂಟುಮೂಟೆ ಕಟ್ಟಬೇಕು, ಇಲ್ಲವೇ ಮತ್ತೆ ಓದಿಗೆ ಸೇರಬೇಕು. ಅವನ ಹೆಂಡತಿಗೆ ಎಫ್-2, ದುಡಿಯುವಂತಿಲ್ಲ.

ಎಚ್-1ಬಿ ಇದ್ದರೆ ಮೂರು ಮತ್ತು ಮೂರು, ಒಟ್ಟು 6 ವರ್ಷ. ಅದರಾಚೆ ಉಳಿಯಬೇಕಾದರೆ ಹಸಿರು ಕಾರ್ಡಿನ, ಅಂದರೆ ಕಾಯಂ ವಾಸದ ಪರವಾನಗಿಯ, ಅರ್ಜಿ ಸಾಕಷ್ಟು ಮುಂದೆ ಹೋಗಿರಬೇಕು. ಹುಡುಗಿ ಕೇಳಬೇಕಾದ ಮುಖ್ಯ ಪ್ರಶ್ನೆ ಸಂಬಳದ್ದಲ್ಲ: ‘ನಿಮ್ಮ ಐ-140 ಮಂಜೂರಾಗಿದೆಯೇ?’ ಐ-140 ಅಂದರೆ ಹಸಿರು ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ. ಯಾಕೆ ಮುಖ್ಯವೆಂದರೆ, ಎಚ್-1ಬಿ ಗಂಡನ ಜೊತೆ ಎಚ್-4 ವೀಸಾದಲ್ಲಿ ಬರುವ ಹೆಂಡತಿಗೆ ಕೆಲಸದ ಪರವಾನಗಿ ಸಿಗುವುದು, 2015ರಿಂದ ಇರುವ ನಿಯಮದ ಪ್ರಕಾರ, ಗಂಡನ ಐ-140 ಮಂಜೂರಾಗಿದ್ದರೆ ಅಥವಾ ಅವನಿಗೆ ಆರು ವರ್ಷ ಮೀರಿದ ವಿಸ್ತರಣೆ ಸಿಕ್ಕಿದ್ದರೆ ಮಾತ್ರ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ತಂಡ ನಡೆಸುತ್ತಿದ್ದವಳು ಅಲ್ಲಿ ಮನೆಯಲ್ಲಿ ಕೂರಬೇಕು. ಆಮೇಲಿನ ಹಸಿರು ಕಾರ್ಡು? ಒಂದು ದೇಶಕ್ಕೆ 7% ಮಿತಿ ಇರುವುದರಿಂದ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಕಾಯಿಸುತ್ತದೆ.

ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ವೀಸಾ ಬದಲಾಯಿಸಬೇಕು, ಇಲ್ಲವೇ ಹೊರಡಬೇಕು. ಗಂಡನ ವೀಸಾ ಹೋದರೆ ಹೆಂಡತಿಯದೂ ಹೋಯಿತು. ಇವಳ ಡ್ರೈವಿಂಗ್ ಲೈಸೆನ್ಸಿನ ಅವಧಿ ಕೂಡ ಅನೇಕ ರಾಜ್ಯಗಳಲ್ಲಿ ಆ ತಾರೀಖಿಗೇ ಅಂಟಿಕೊಂಡಿರುತ್ತದೆ. ಊರಿನಲ್ಲಿ ‘ಮಗಳು ಅಮೆರಿಕದಲ್ಲಿ’ ಎಂದು ಹೇಳುವಾಗ ಆ ಮಗಳು ಬಸ್ಸೂ ಇಲ್ಲದ ಬಡಾವಣೆಯಲ್ಲಿ, ಕಾರು ಓಡಿಸಲಾಗದೆ, ಹಾಲು ತರಲೂ ಗಂಡನ ಬಿಡುವು ಕಾಯುತ್ತಿರಬಹುದು. ಅವಳು ಫೋನಿನಲ್ಲಿ ಅದನ್ನು ಹೇಳುವುದಿಲ್ಲ, ಹೇಳಿದರೆ ಅಪ್ಪನ ಹೆಮ್ಮೆ ಮುರಿಯುತ್ತದಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 1,30,000 ಡಾಲರ್ ದುಡಿಯುವ ಒಂಟಿ ವ್ಯಕ್ತಿಗೆ ತೆರಿಗೆಗಳು ಕಳೆದು ತಿಂಗಳಿಗೆ ಉಳಿಯುವುದು ಸುಮಾರು 7,500. ಬೇ ಏರಿಯಾದಲ್ಲಿ ಒಂದು ಮಲಗುವ ಕೋಣೆಯ ಮನೆಗೇ ಅದರಲ್ಲಿ ಮೂರರಲ್ಲೊಂದು ಪಾಲು, ಕೆಲವೆಡೆ ಇನ್ನೂ ಹೆಚ್ಚು ಹೋಗುತ್ತದೆ. ಸಂಬಳದ ಬಗ್ಗೆ ಅನುಮಾನವಿದ್ದರೆ, ಎಚ್-1ಬಿ ಅರ್ಜಿಗೆ ಮೊದಲು ಕಂಪನಿಗಳು ಸಲ್ಲಿಸುವ ವೇತನದ ಮಾಹಿತಿಯನ್ನು ಅಮೆರಿಕದ ಕಾರ್ಮಿಕ ಇಲಾಖೆ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಕಂಪನಿ, ಹುದ್ದೆ, ಊರು ಹಾಕಿ ನೋಡಿದರೆ ಆ ಹುದ್ದೆಯ ಅಂದಾಜು ಸಂಬಳ ಸಿಗುತ್ತದೆ, ವ್ಯಕ್ತಿಯ ಹೆಸರು ಇರುವುದಿಲ್ಲ.

ಹೊರಡುವ ಹುಡುಗಿ ಜೊತೆಗಿಟ್ಟುಕೊಳ್ಳಬೇಕಾದ್ದು: ಪಾಸ್‌ಪೋರ್ಟ್ ಸದಾ ತನ್ನ ಕೈಯಲ್ಲಿ, ಡಿಗ್ರಿಯ ಮೂಲ ಪ್ರತಿಗಳು, ಮದುವೆ ನೋಂದಣಿ ಪತ್ರ, ಎಲ್ಲದರ ಸ್ಕ್ಯಾನ್ ತನ್ನೊಬ್ಬಳಿಗೇ ಗೊತ್ತಿರುವ ಇಮೇಲಿನಲ್ಲಿ, ವಾಪಸ್ ಟಿಕೆಟ್ಟಿಗೆ ಆಗುವಷ್ಟು ಹಣ ತನ್ನ ಹೆಸರಿನ ಖಾತೆಯಲ್ಲಿ.

ಬಿಳಿಕೋಟು

ಎಲ್ಲರೂ ಅಳಿಯನ ಬಗ್ಗೆಯೇ ಬರೀತಿದ್ದೀರಿ. ಸೊಸೆಯನ್ನು ಶೋಕೇಸಿನಲ್ಲಿ ಇಡೋದು ಇನ್ನೂ ಹೆಚ್ಚು. ‘ಡಾಕ್ಟರ್ ಸೊಸೆ’ ಬೇಕು ಅನ್ನೋ ಎಷ್ಟೋ ಮನೆಗಳಿಗೆ ಬೇಕಾಗಿರೋದು ಲಗ್ನಪತ್ರಿಕೆಯಲ್ಲಿ ಹೆಸರಿನ ಹಿಂದಿನ ಆ ಎರಡಕ್ಷರ. ರಾತ್ರಿ ಡ್ಯೂಟಿ ಬೇಡ, ಹಬ್ಬದ ದಿನ ಡ್ಯೂಟಿ ಬೇಡ, ಊರು ಬಿಟ್ಟು ಪಿಜಿ, ಅಂದರೆ ಸ್ನಾತಕೋತ್ತರ ಓದು, ಬೇಡ.

ವೈದ್ಯೆಯ ದಿನಚರಿ ಹೇಗಿರುತ್ತೆ ಅಂತ ಮೊದಲೇ ತಿಳಿಸಿಬಿಡಿ. ಎಂಬಿಬಿಎಸ್ ಮುಗಿದ ಮೇಲೆ ಕರ್ನಾಟಕದಲ್ಲಿ ಸರ್ಕಾರಿ ಸೇವೆಯ ಬಗ್ಗೆ 2012ರ ಕಾಯ್ದೆ ಇದೆ. ಪಿಜಿ ಅಂದರೆ ಮೂರು ವರ್ಷ, ಸೀಟು ಸಿಕ್ಕ ಊರಿಗೆ ಹೋಗಲೇಬೇಕು. ಆ ಅವಧಿಯಲ್ಲಿ 24 ಗಂಟೆ ದಾಟೋ ಡ್ಯೂಟಿ ಮಾಮೂಲು. ಸೀಟು ಹಿಡಿದು ನಡುವೆ ಬಿಟ್ಟರೆ ಬಾಂಡಿನ ದಂಡ ಲಕ್ಷಗಳಲ್ಲಿ ಬೀಳುತ್ತೆ. ಮೊತ್ತ ಕಾಲೇಜಿನ ಬಾಂಡ್ ಪತ್ರದಲ್ಲಿರುತ್ತೆ, ತೆಗೆದು ಓದಿ.

ಹಾಗಾಗಿ ‘ಮದುವೆ ಆದಮೇಲೂ ಕೆಲಸಕ್ಕೆ ಹೋಗಬಹುದಾ?’ ಅಂತ ಕೇಳಬೇಡಿ. ‘ನಮ್ಮದೇನೂ ಅಭ್ಯಂತರ ಇಲ್ಲ’ ಅಂತಾರೆ, ಅದಕ್ಕೆ ಅರ್ಥವೇ ಇಲ್ಲ. ಹೀಗೆ ಕೇಳಿ: ‘ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ 9ಕ್ಕೆ ಬಂದ ದಿನ ತಿಂಡಿ ಯಾರು ಮಾಡ್ತಾರೆ? ಮಧ್ಯಾಹ್ನ ಮಲಗಿದಾಗ ನೆಂಟರು ಬಂದರೆ ಏನು ಹೇಳ್ತೀರಿ? ಪಿಜಿ ಸೀಟು ಕಲಬುರಗಿಯಲ್ಲಿ ಸಿಕ್ಕರೆ?’ ಉತ್ತರ ಕೊಡೋಕೆ ಮುಂಚೆ ಅವರು ಒಬ್ಬರ ಮುಖ ಒಬ್ಬರು ನೋಡ್ತಾರಲ್ಲ, ಅದರಲ್ಲೇ ಅರ್ಧ ಉತ್ತರ ಇರುತ್ತೆ. ಎಂಜಿನಿಯರ್, ಲೆಕ್ಚರರ್ ಯಾರಿಗಾದರೂ ಇದೇ ಪ್ರಶ್ನೆ ಹೊಂದಿಸಿಕೊಳ್ಳಿ.

ಬಣ್ಣದ ಬಗ್ಗೆ ಒಂದೇ ಮಾತು. ಫೋಟೊ ಬೆಳ್ಳಗೆ ಮಾಡಿಸಿ ಕಳಿಸಬೇಡಿ, ಮದುವೆಗೆ ಮುಂಚೆ ಸ್ಟಿರಾಯ್ಡ್ ಇರೋ ಫೇರ್‌ನೆಸ್ ಕ್ರೀಮು ಹಚ್ಚಬೇಡಿ. ಆರೆಂಟು ವಾರ ಬೆಳ್ಳಗೆ ಕಾಣುತ್ತೆ, ಆಮೇಲೆ ಚರ್ಮ ತೆಳುವಾಗಿ, ಕೆಂಪು ನರ ಎದ್ದು, ಮೊಡವೆ ತುಂಬಿಕೊಳ್ಳುತ್ತೆ. ನಿಲ್ಲಿಸಿದರೆ ಉರಿ, ಇನ್ನಷ್ಟು ಕೆಂಪು. ಚರ್ಮವೈದ್ಯರು ಹಂತಹಂತವಾಗಿ ಬಿಡಿಸಬೇಕಾಗುತ್ತೆ.

ಹೊಂಗೆನೆರಳು

ಇಷ್ಟೆಲ್ಲ ಕಾಗದ, ಇಎಂಐ, ಐ-140… ಇದೂ ಮನುಷ್ಯರನ್ನು ತಕ್ಕಡಿಗೆ ಹಾಕಿದ ಹಾಗೇ ಅಲ್ವಾ? ಪ್ರತಿಷ್ಠೆಗೆ ಸಂಬಂಧ ಮಾಡಬೇಡಿ ಅಂತ ಹೇಳೋಕೆ ಹೋಗಿ ನಾವೂ ಬೆಲೆ ಕಟ್ಟೋಕೆ ಕೂತಂತಾಯ್ತು.

ಲೆಕ್ಕಪತ್ರ

ಹೊಂಗೆನೆರಳು ಅವರೇ, ನಿಮ್ಮ ಮಾತನ್ನು ತಳ್ಳಿಹಾಕೋಲ್ಲ. ಆದರೆ ಬೆಲೆ ಕಟ್ಟೋದಕ್ಕೂ ಬದುಕಿನ ಲೆಕ್ಕ ಹಾಕೋದಕ್ಕೂ ವ್ಯತ್ಯಾಸ ಇದೆ. 12 ಲಕ್ಷದವನು 24 ಲಕ್ಷದವನಿಗಿಂತ ಕಡಿಮೆ ಅಂತ ನಾನು ಹೇಳ್ತಿಲ್ಲ. ಸಾಲ ಇಲ್ಲದ 12 ಲಕ್ಷದ ಮನೆ ಎಷ್ಟೋ ಸಲ ನೆಮ್ಮದಿಯಾಗಿರುತ್ತೆ, ಹೇಳಿಕೊಳ್ಳೋಕೆ ಮಾತ್ರ ಚಿಕ್ಕದಾಗಿ ಕೇಳುತ್ತೆ.

ಒಂದು ಕೆಲಸ ಮಾಡಿಸಿ. ಇಬ್ಬರೂ ಬೇರೆ ಬೇರೆ ಕೂತು ಒಂದೊಂದು ಹಾಳೆಯಲ್ಲಿ ಬರೆಯಲಿ: ಕೈಗೆ ಬರೋ ಸಂಬಳ, ಇರೋ ಸಾಲ, ತಂದೆ ತಾಯಿಗೆ ತಿಂಗಳಿಗೆ ಕೊಡೋದು, ತಮ್ಮ ತಂಗಿಯರ ಓದು ಮದುವೆಯ ಹೊಣೆ, ಮದುವೆಯಾದ ಮೇಲೆ ಎಲ್ಲಿ ವಾಸ, ಅಡುಗೆ ಯಾರದು. ಆಮೇಲೆ ಹಾಳೆ ಅದಲು ಬದಲು. ಒಟ್ಟಿಗೆ ಕೂತು ಬರೆದರೆ ಕೆಡುತ್ತೆ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆ ಆಡಿಸ್ತಾರೆ. ಇಬ್ಬರ ಹಾಳೆಯೂ ಬಹುಪಾಲು ಎಡವೋದು ‘ತಂದೆ ತಾಯಿಗೆ’ ಅನ್ನೋ ಸಾಲಿನಲ್ಲಿ. ಹುಡುಗಿಯೂ ತನ್ನ ತವರಿಗೆ ಕೊಡ್ತಾಳೆ ಅನ್ನೋದು ಹುಡುಗನ ಮನೆಯವರ ತಲೆಗೇ ಬಂದಿರೋದಿಲ್ಲ.

ಪಹಣಿ_ಪುಟ

ಹಳ್ಳಿ ಕಡೆಯ ಮಾತು ಯಾರೂ ಎತ್ತಲಿಲ್ಲ. ಸಾಫ್ಟ್‌ವೇರ್ ಅಳಿಯ ಮರ್ಯಾದೆಯಾದ ಮೇಲೆ ವ್ಯವಸಾಯ ಮಾಡೋ ಹುಡುಗ ಅವಮಾನವಾದ. ಫೆಬ್ರುವರಿ 2023ರಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಹೆಣ್ಣು ಸಿಗಲಿ ಅಂತ ಪಾದಯಾತ್ರೆ ಹೋದರು. ಆ ವರ್ಷ ಏಪ್ರಿಲ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ರೈತರ ಮಗನನ್ನು ಮದುವೆಯಾಗೋ ಹೆಣ್ಣಿಗೆ 2 ಲಕ್ಷ ಕೊಡ್ತೀವಿ ಅಂತ ಚುನಾವಣಾ ಭರವಸೆ ಕೊಟ್ಟರು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಹೆಣ್ಣುಭ್ರೂಣ ಪತ್ತೆಗೆ ಸ್ಕ್ಯಾನಿಂಗ್ ನಡೀತಿದ್ದದ್ದು ಬಯಲಾಯ್ತು. ಹೆಣ್ಣು ಸಿಗದೇ ಇರೋದಕ್ಕೆ ಹೆಣ್ಣುಮಕ್ಕಳ ‘ಡಿಮ್ಯಾಂಡ್’ ಒಂದನ್ನೇ ಬೈಯೋರು ಈ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಈಗ ಕಾಗದ. ‘ಹತ್ತೆಕರೆ ಜಮೀನಿದೆ’ ಅಂದರೆ ಸರ್ವೆ ನಂಬರ್ ಕೇಳಿ, ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 10ರಲ್ಲಿ ಹೇಗೆ ಬಂತು, ಎಂಆರ್ ನಂಬರ್, ಅಂದರೆ ಖಾತೆ ಬದಲಾವಣೆ ದಾಖಲೆಯ ಸಂಖ್ಯೆ. 11ರಲ್ಲಿ ಋಣ, ಬ್ಯಾಂಕು, ಸೊಸೈಟಿ ಸಾಲ ಅಲ್ಲೇ ಬರೆದಿರ್ತಾರೆ. 9ರಲ್ಲಿ ತಾತನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ ಅಂತ ಅರ್ಥ. ತಾತನಿಗೆ ನಾಲ್ಕು ಜನ ಮಕ್ಕಳು, ಅದರಲ್ಲಿ ಇಬ್ಬರು ಹೆಣ್ಣು ಅಂದುಕೊಳ್ಳಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, 2005ರ ತಿದ್ದುಪಡಿ. ಅಲ್ಲಿಗೆ ಹುಡುಗನ ಅಪ್ಪನ ಪಾಲೇ ಎರಡೂವರೆ ಎಕರೆ. ಅದರಲ್ಲಿ ಹುಡುಗನಿಗೆ ಒಬ್ಬಳು ತಂಗಿ ಇದ್ದರೆ?

ಇದನ್ನು ರೈತನ ಮಗನನ್ನು ಬೇಡ ಅನ್ನೋಕೆ ಬರೀಲಿಲ್ಲ. ಎರಡು ಎಕರೆ ನೀರಾವರಿ ಇದ್ದು, 11ನೇ ಕಾಲಂ ಖಾಲಿ ಇದ್ದು, ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ದಿನಾ 30 ಲೀಟರ್ ಹಾಲು ಹಾಕೋ ಮನೆಯಲ್ಲಿ ವಾರ ವಾರ ಕೈಗೆ ದುಡ್ಡು ಬರುತ್ತೆ. ಡೇರಿಯ ಪಾಸ್‌ಬುಕ್ ನೋಡಿ, ಹತ್ತೆಕರೆ ಮಾತಿಗಿಂತ ಅದು ಗಟ್ಟಿ.

ವಕೀಲಿ_ಮಾತು

ಪ್ರತಿಷ್ಠೆಯ ಸಂಬಂಧದಲ್ಲಿ ವರದಕ್ಷಿಣೆಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ‘ನಿಮ್ಮ ಮಗಳಿಗೆ ನೀವು ಏನು ಬೇಕಾದರೂ ಕೊಡಿ’, ‘ನಮ್ಮ ಅಂತಸ್ತಿಗೆ ತಕ್ಕ ಛತ್ರ’, ‘ಹುಡುಗನ ಓದಿಗೆ ಎಷ್ಟು ಖರ್ಚಾಗಿದೆ ಗೊತ್ತಾ’ ಎನ್ನುತ್ತಾರೆ. ಮದುವೆಗೆ ಸಂಬಂಧಿಸಿ ಕೇಳಿದ್ದು ಯಾವ ರೂಪದಲ್ಲಿದ್ದರೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಅದು ವರದಕ್ಷಿಣೆಯೇ. ಕೊಟ್ಟರೂ ತೆಗೆದುಕೊಂಡರೂ ಕನಿಷ್ಠ 5 ವರ್ಷ ಜೈಲು, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅಷ್ಟು ದಂಡ. ಬರೀ ಕೇಳಿದ್ದಕ್ಕೇ 6 ತಿಂಗಳಿಂದ 2 ವರ್ಷ. ಕೊಟ್ಟವರೂ ಸಿಕ್ಕಿಬೀಳುತ್ತಾರಲ್ಲ ಎಂಬ ಭಯದಿಂದ ಎಷ್ಟೋ ತಂದೆ ತಾಯಿ ದೂರು ಕೊಡುವುದಿಲ್ಲ. ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರನ್ನೇ ಶಿಕ್ಷಿಸುವಂತಿಲ್ಲ ಎಂದು 7ನೇ ಕಲಮಿನ 3ನೇ ಉಪಕಲಮು ಹೇಳುತ್ತದೆ. ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ ಇದ್ದ ಭಾರತೀಯ ದಂಡ ಸಂಹಿತೆಯ 498ಎ ಬದಲು ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86.

ಪ್ರೀತಿಯಿಂದ, ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಪಟ್ಟಿ ಮಾಡಬೇಕು. 1985ರಿಂದ ಅದಕ್ಕೆ ನಿಯಮವೇ ಇದೆ. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟಸ್ತಿಕೆ, ಕೆಳಗೆ ವಧು ವರ ಇಬ್ಬರ ಸಹಿ. ‘ಬಂಗಾರ 200 ಗ್ರಾಂ’ ಎಂದು ಒಂದೇ ಸಾಲಿನಲ್ಲಿ ಬರೆದರೆ ನಾಳೆ ಯಾವ ಒಡವೆ ಎಂದು ತೋರಿಸಲಾಗದು. ಹೀಗೆ ಬರೆಯಿರಿ: ‘ಅವಲಕ್ಕಿ ಸರ, 22 ಕ್ಯಾರೆಟ್, 40.2 ಗ್ರಾಂ, ಎಚ್‌ಯುಐಡಿ ಸಂಖ್ಯೆ ಇಂಥದ್ದು, ಬಿಲ್ ಸಂಖ್ಯೆ, ಕೊಟ್ಟವರು ಸೋದರಮಾವ.’ ಏಪ್ರಿಲ್ 2023ರಿಂದ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. ಬಿಲ್ಲು ಮಗಳ ಹೆಸರಿನಲ್ಲಿರಲಿ, ಲಾಕರೂ ಅವಳ ಹೆಸರಿನಲ್ಲಿರಲಿ. ಅತ್ತೆಯ ಲಾಕರಿನಲ್ಲಿ ‘ಜೋಪಾನವಾಗಿ’ ಇಟ್ಟ ಒಡವೆಯನ್ನು ಬಿಡಿಸಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ. ಸ್ತ್ರೀಧನ, ಅಂದರೆ ಹೆಣ್ಣಿಗೆಂದು ಕೊಟ್ಟ ಒಡವೆ ವಸ್ತು, ಅವಳೊಬ್ಬಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, ಆದರೆ ಕೋರ್ಟಿಗೆ ಬೇಕಾದದ್ದು ಪುರಾವೆ.

ಹೊರದೇಶಕ್ಕೆ ಹೋಗುವವರು ಮದುವೆಯನ್ನು ಇಲ್ಲೇ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ: ವಯಸ್ಸು ಮತ್ತು ವಿಳಾಸದ ದಾಖಲೆ, ಲಗ್ನಪತ್ರಿಕೆ, ಮದುವೆ ಫೋಟೊ, ಮೂವರು ಸಾಕ್ಷಿ. ಗಂಡ ಅಲ್ಲಿನ ಕೋರ್ಟಿನಲ್ಲಿ ಏಕಪಕ್ಷೀಯವಾಗಿ ವಿಚ್ಛೇದನ ತಂದರೆ ಎದೆಗುಂದಬೇಡಿ. ಹೆಂಡತಿ ಒಪ್ಪದ, ಹಾಜರಾಗದ, ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಕೊಟ್ಟ ಅಂಥ ಡಿಕ್ರಿಗೆ ಇಲ್ಲಿ ಮನ್ನಣೆಯಿಲ್ಲ, 1991ರ ಸುಪ್ರೀಂ ಕೋರ್ಟ್ ತೀರ್ಪು. ದೂರಿಗೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್, ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯರ ಘಟಕ ಇವೆ. ಇಲ್ಲಿಯೇ ಇದ್ದರೆ ಮಹಿಳಾ ಸಹಾಯವಾಣಿ 181.

ಕರಾವಳಿ_ಗಾಳಿ

ನಮ್ಮ ಮಂಗಳೂರು, ಉಡುಪಿ ಕಡೆ ‘ದುಬೈ ಹುಡುಗ’ ಉಂಟಲ್ಲ, ಅದಕ್ಕೂ ಒಂದು ಲೆಕ್ಕ ಉಂಟು. ಯುಎಇಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಗಂಡನ ಸಂಬಳ 4,000 ದಿರ್ಹಮ್ ಇರಬೇಕು, ಕಂಪನಿ ಮನೆ ಕೊಟ್ಟರೆ 3,000. ಅದಕ್ಕಿಂತ ಕಡಿಮೆ ಇದ್ದರೆ ಅವನು ಅಲ್ಲಿ, ಇವಳು ಇಲ್ಲಿ ಅತ್ತೆಯ ಮನೆಯಲ್ಲಿ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ರಜೆ. ಹಾಗಾಗಿ ‘ಫ್ಯಾಮಿಲಿ ವೀಸಾ ಆಗ್ತದಾ’ ಅಂತ ನಿಶ್ಚಯದ ಮೊದಲು ಕೇಳಿ ಮಾರಾಯ್ರೆ, ಮದುವೆ ಆದ ಮೇಲೆ ಅಲ್ಲ.

ಮ್ಯಾಟ್ರಿಮೊನಿ ಸೈಟಿನಲ್ಲಿ ‘ಲಂಡನ್ ಡಾಕ್ಟರ್’ ಬಂದರೆ ಇನ್ನೂ ಜಾಗ್ರತೆ. ಮೋಸದ ದಾರಿ ಹೆಚ್ಚುಕಡಿಮೆ ಒಂದೇ: ವಾರದೊಳಗೆ ಪ್ರೀತಿಯ ಮಾತು, ವಿಡಿಯೊ ಕಾಲ್ ಅಂದರೆ ಕ್ಯಾಮೆರಾ ಹಾಳಾಗಿದೆ ಅಂತ ನೆಪ, ಆಮೇಲೆ ‘ಗಿಫ್ಟ್ ಕಳಿಸಿದ್ದೇನೆ’, ಮರುದಿನ ಕಸ್ಟಮ್ಸ್ ಹೆಸರಲ್ಲಿ ಫೋನು. ಕಸ್ಟಮ್ಸ್ ಯಾರ ಸ್ವಂತ ಬ್ಯಾಂಕ್ ಖಾತೆಗೂ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಹಾಕಿಬಿಟ್ಟಿದ್ದರೆ ನಾಚಿಕೆ ಪಡುತ್ತ ಕೂರಬೇಡಿ, ಆಗಿಂದಾಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಬಹುದು. ತಡ ಮಾಡಿದಷ್ಟೂ ಕಷ್ಟ.

ಕಾವೇರಿತೀರ

ವಕೀಲರೇ, ಒಂದು ಸಂಶಯ. ಅಜ್ಜಿ ಕೊಟ್ಟ ಹಳೇ ಒಡವೆಗೆ ಬಿಲ್ಲೂ ಇರೋದಿಲ್ಲ, ಎಚ್‌ಯುಐಡಿನೂ ಇರೋದಿಲ್ಲ. ಪಟ್ಟಿಯಲ್ಲಿ ಹೇಗೆ ಬರೆಯೋದು?

ವಕೀಲಿ_ಮಾತು

ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ದು ತೂಕ, ಶುದ್ಧತೆ ಪರೀಕ್ಷೆ ಮಾಡಿಸಿ ವರದಿ ಪಡೆಯಿರಿ. ಒಡವೆಯ ಹಿಂದೆ ಮುಂದೆ ಎರಡೂ ಬದಿಯ ಫೋಟೊ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಕರಗಿಸಿ ಹೊಸದು ಮಾಡಿಸುವ ಯೋಚನೆ ಇದ್ದರೆ ಮದುವೆಗೆ ಮುಂಚೆಯೇ ಮಾಡಿಸಿ, ಆಗ ಹೊಸ ಬಿಲ್ಲು ಮಗಳ ಹೆಸರಿಗೆ ಬರುತ್ತದೆ. ಅಜ್ಜಿ ಇದ್ದರೆ ಪಟ್ಟಿಯ ಆ ಸಾಲಿನ ಪಕ್ಕ ಅವರದೂ ಒಂದು ಸಹಿ ಹಾಕಿಸಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಹೆಸರು.